ಎರಡಂಗುಲ ಖಾಲಿ ಜಾಗದವರ ಮೇಲೊಂದು ದೂರು

ಸೌದೆ ಒಲೆಯ ಹೊಗೆ ಕೊಳವೆಯ ಸುತ್ತ, ನಮ್ಮ ಗೋಡೆಯೊಳಗೆ ಆರಾಮವಾಗಿ ಕುಳಿತಿರುವ ಮಾನ್ಯ ಎರಡಂಗುಲ ಖಾಲಿ ಜಾಗದವರೇ,

ಸವಿನಯ ನಮಸ್ಕಾರಗಳು. ದೂರು ಕೊಡುವವರು ತಮ್ಮ ತಪ್ಪನ್ನು ಕೊನೆಯಲ್ಲಿ ಸಣ್ಣದಾಗಿ ಬರೆಯುತ್ತಾರೆ, ನಾನಂತೂ ಬಿಟ್ಟೇಬಿಡುವವಳಿದ್ದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ತಮ್ಮೊಳಗೆ ದಿಂಬಿನ ಹತ್ತಿ ತುರುಕಿದವಳು ನಾನೇ.

ಅತ್ತೆಯವರಿಗೆ ಚಳಿಯೆಂದು ಅವರ ಕೋಣೆಗೆ ಒಲೆ ತರಿಸಿದೆವು. ಕೊಳವೆ ಜೋಡಿಸುವವರು ಬಂದು, ಮರದ ಚೌಕಟ್ಟಿಗೆ ಫೋಮ್ ತುಂಬಿದ ಗೋಡೆಯನ್ನು ಧಾರಾಳವಾಗಿ ಕೊರೆದು, ತಗಡಿನ ಬಳೆ ಕೂರಿಸಿ, ನಡುವೆ ಕೊಳವೆ ಹಾಯಿಸಿ, ಎರಡರ ಮಧ್ಯೆ ತಮ್ಮನ್ನು ಬಿಟ್ಟು, ಮೇಲೊಂದು ತಗಡು ಮುಚ್ಚಿ ಹೋದರು. ಅದರ ಸಂದಿಯಿಂದ ತಣ್ಣನೆ ಗಾಳಿ ಬಂದಾಗ, ಗೋಡೆಗೆ ಸ್ವೆಟರ್ ತೊಡಿಸಿ ಗುಂಡಿ ಹಾಕಲು ಮರೆತಿದ್ದಾರೆಂದೇ ನನಗನಿಸಿತು. ಕೈಪಿಡಿ ಇತ್ತು, ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳೆಂಬ ಧೈರ್ಯದಿಂದ ಅದನ್ನು ಓದದೆಯೇ ಅರ್ಥಮಾಡಿಕೊಂಡಿದ್ದೆ. ನನ್ನ ದಿಂಬನ್ನೇ ಬಿಚ್ಚಿದೆ. ತ್ಯಾಗ ಮಾಡಿದ ಹೆಮ್ಮೆ ಬೇರೆ.

ಒಂದು ಸಂಜೆ ಅತ್ತೆಯವರು ಮಂಚದಿಂದಲೇ ಗೋಡೆಗೆ ಅಂಗೈ ಇಟ್ಟು, ಇದಕ್ಕೆ ಜ್ವರ ಬಂದಿದೆ ನೋಡಮ್ಮ ಎಂದರು. ಮುಟ್ಟಿದರೆ ಸುಡುತ್ತಿತ್ತು, ಸೀದ ವಾಸನೆ ಬರುತ್ತಿತ್ತು. ಅವರ ದಿಂಬಿಗೂ ಆ ಜಾಗಕ್ಕೂ ಒಂದು ಮೊಳವೂ ದೂರವಿರಲಿಲ್ಲ. ಒಲೆ ಆರಿಸಿದೆವು. ಯಾರೂ ಇಲ್ಲದಾಗ ಕಪ್ಪಾದ ಹತ್ತಿಯನ್ನು ಎಳೆದು ಬಿಸಾಡಿದೆ. ಎಂಥ ಘನಂದಾರಿ ಕೆಲಸ ಮಾಡಿ ಹೋಗಿದ್ದಾನೆ ಎಂದು ನನ್ನ ಗಂಡ ಕೊಳವೆಯವರನ್ನು ಬೈಯುವಾಗ ಗಂಭೀರವಾಗಿ ತಲೆಯಾಡಿಸಿದೆ. ಅದನ್ನು ಕೇಳಿ ಪಕ್ಕದ ಮನೆಯವರು ಕೊಳವೆಯವರಿಗೆ ಹೇಳಿದ್ದ ಕೆಲಸವನ್ನು ಬೇಡವೆಂದುಬಿಟ್ಟರು.

ನನ್ನ ದೂರು ಇಷ್ಟೇ: ತಾವು ನೋಡಲು ಏನೂ ಅಲ್ಲದವರಂತೆ ಇದ್ದೀರಿ. ಕೊಳವೆಯ ಬಿಸಿ ಮರಕ್ಕೆ ತಾಗದಂತೆ ಸುಮ್ಮನೆ ಕುಳಿತೇ ಮನೆ ಕಾಯುವ ತಮ್ಮಂಥ ದಕ್ಷರು, ಮೈತುಂಬ ಕೆಲಸ ಹಚ್ಚಿಕೊಂಡು ಮನೆಗೆ ಬೆಂಕಿಯಿಡಲು ಹೊರಟ ನನ್ನಂಥವರಿಗಾಗಿ, 'ಕೆಲಸ ನಡೆಯುತ್ತಿದೆ' ಎಂದೊಂದು ಫಲಕವನ್ನಾದರೂ ಹಾಕಬಾರದೇ? ಬೆಂಕಿಯ ಪಾಲಿಗೆ ಎರಡಂಗುಲವಾಗಿಯೂ ಚಳಿಯ ಪಾಲಿಗೆ ಸೊನ್ನೆಯಾಗಿಯೂ ಇರಲು ದಯಮಾಡಿ ಪ್ರಯತ್ನಿಸಬೇಕು. ಬಿಡುವಾದರೆ, ನನ್ನ ಕೈಗೂ ನನಗೆ ಗೊತ್ತಿಲ್ಲದ ಕೆಲಸಗಳಿಗೂ ನಡುವೆ ಬಂದು ಕೆಲಕಾಲ ನೆಲೆಸಬೇಕು.

ಇನ್ನು ಮುಂದೆ ದೂರದಿಂದಲೇ
ತಮ್ಮ ವಿಶ್ವಾಸಿ,
ದಿಂಬಿಲ್ಲದವಳು

ವಿ.ಸೂ.: ಕೊಳವೆಯವರ ಮೇಲೆ ಅಷ್ಟು ಮಾತು ಬಂದರೂ ತಾವು ಬಾಯಿ ಬಿಡಲಿಲ್ಲ. ಬಾಯಿತುಂಬ ಹತ್ತಿಯಿತ್ತೆಂಬ ನೆಪ ಇನ್ನು ನಡೆಯುವುದಿಲ್ಲ, ಅದನ್ನು ತೆಗೆದಾಗಿದೆ. ಸುಟ್ಟ ಭಾಗ ಬಿಚ್ಚಿ ಹೊಸದು ಕೂರಿಸಲು ಅವರು ಬರುತ್ತಿದ್ದಾರೆ. ಈ ಪತ್ರವನ್ನು ತಮ್ಮ ವಿಳಾಸದಲ್ಲೇ ತುರುಕೋಣವೆಂದಿದ್ದೆ. ಕಾಗದವೂ ಕೂಡದೆಂದು ಕೈಪಿಡಿಯಲ್ಲಿದೆ, ಈ ಸಲ ಓದಿದೆ. ಹಾಗಾಗಿ ಅವರು ಬರುವ ಮೊದಲೇ ಗಂಡನಿಗೂ ಅತ್ತೆಯವರಿಗೂ ಓದಿ ಹೇಳಿ, ಪಕ್ಕದ ಮನೆಯವರ ಅಂಚೆಪೆಟ್ಟಿಗೆಗೆ ಹಾಕುತ್ತೇನೆ, ಇದೇ ನವೆಂಬರ್ 14ರ ಭಾನುವಾರ.