ಮನೆಗೆ ಬಂದು ಕರೆದರೆ ಬೇಸ್‌ಬಾಲ್‌ಗೂ ಬರ್ತೀವಿ

ಬೇಸ್‌ಬಾಲ್‌ನ ತಲೆಬುಡ ಗೊತ್ತಿಲ್ಲದ ನನ್ನ ಹತ್ತಿರಕ್ಕೇ ಬೇಸ್‌ಬಾಲ್‌ನ ಪಂಚಾಯ್ತಿಗಳೆಲ್ಲ ಯಾಕೆ ಹುಡುಕಿಕೊಂಡು ಬರುತ್ತವೋ, ನನಗೆ ಇವತ್ತಿಗೂ ತಿಳಿದಿಲ್ಲ. ನಾನು ಇಲ್ಲಿ, ಐರಿಷರ ನಾಡಿನಲ್ಲಿ, ಬ್ಯೂಮಾಂಟ್‌ನ ಆಸ್ಪತ್ರೆಯಲ್ಲಿ ನರ್ಸ್. ಮನೆ ಆಡಮ್ಸ್‌ಟೌನ್‌ನಲ್ಲಿ. ಆಟಕ್ಕೂ ನನಗೂ ಇರುವ ಸಂಬಂಧ ನನ್ನ ಗಂಡ ಒಬ್ಬನೇ.

ಬ್ಯಾಟ್ ಸಮೇತ ಓಟ

ನಮ್ಮವನು ಕ್ರಿಕೆಟ್ ಆಡೋಕೆ ಜಾಗ ಹುಡುಕುತ್ತಾ ಹೋದವನು. ಒಂದು ಗ್ರೌಂಡಿನಲ್ಲಿ ಬ್ಯಾಟ್ ಕಂಡಿತು, ಸೇರಿಕೊಂಡ. ಅದು ಬೇಸ್‌ಬಾಲ್ ಕ್ಲಬ್ ಅಂತ ಗೊತ್ತಾಗುವ ಹೊತ್ತಿಗೆ ಹೆಸರು ಬರೆಸಿ ಆಗಿತ್ತು.

ಮೊದಲ ಮ್ಯಾಚು. ಚೆಂಡನ್ನು ಚೆನ್ನಾಗಿಯೇ ಬಾರಿಸಿದ. ಅಲ್ಲಿ ಬ್ಯಾಟನ್ನು ಕೆಳಗೆ ಹಾಕಿ ಓಡಬೇಕು, ಮೊದಲನೆಯ ಬೇಸ್ ಮುಟ್ಟಿ ನಿಲ್ಲಬೇಕು. ಇವನು ಬ್ಯಾಟ್ ಹಿಡಿದೇ ಓಡಿದ, ಬಗ್ಗಿ ಬ್ಯಾಟಿನ ತುದಿಯಿಂದ ಬೇಸ್ ಮುಟ್ಟಿಸಿದ, ತಿರುಗಿ ಹೊರಟ ಜಾಗಕ್ಕೇ ವಾಪಸ್ ಓಡಿ ಬಂದ. ಬಂದವನು ಅಂಪೈರ್‌ಗೆ ಎರಡು ಬೆರಳು ತೋರಿಸಿ, "ಟೂ ರನ್ಸ್" ಅಂದ.

ಎದುರಾಳಿಗಳು ಇವನನ್ನು ಯಾವ ನಿಯಮದಲ್ಲಿ ಔಟ್ ಮಾಡಬೇಕೆಂದು ತಿಳಿಯದೆ ಗುಂಪುಗೂಡಿ ಚರ್ಚೆಗೆ ನಿಂತರು. ಅಂಪೈರ್ ವಯಸ್ಸಾದವರು, ಸಮಾಧಾನದ ಮನುಷ್ಯ. "ಹೊಡೆತ ಗ್ರ್ಯಾಂಡ್ ಆಗಿತ್ತು ಕಣಪ್ಪ. ಆದರೆ ಈ ಆಟದಲ್ಲಿ ಹೋದವರು ಅದೇ ದಾರೀಲಿ ವಾಪಸ್ ಬರಲ್ಲ" ಅಂದರು.

ನಾನು ಚಪ್ಪಾಳೆ ತಟ್ಟುತ್ತಿದ್ದೆ. ಇಲ್ಲೇ ಹುಟ್ಟಿದ ನನ್ನ ಮಗಳು ಕೈ ಹಿಡಿದು ನಿಲ್ಲಿಸಿದಳು. "ಸ್ಟಾಪ್ ಇಟ್, ಅಮ್ಮಾ. ದೇ ವಿಲ್ ನೋ ಹೀ ಈಸ್ ಅವರ್ಸ್."

ಇತಿಹಾಸಕ್ಕೆ ಎಷ್ಟು ಹೊತ್ತು ಬೇಕು

ಹೋದ ವರ್ಷ ಕ್ಲಬ್ಬಿನ ಇತಿಹಾಸವನ್ನು ಸಂಭ್ರಮಿಸುವ ಒಂದು ಸಂಜೆ ಇಟ್ಟುಕೊಳ್ಳೋಣ ಅಂತ ಅಧ್ಯಕ್ಷರು ವಾಟ್ಸಾಪ್ ಗುಂಪಿನಲ್ಲಿ ಹಾಕಿದರು. ಅದು ಬರೀ ಸಂಭ್ರಮ ಆಗಿರಲಿಲ್ಲ. ಗ್ರೌಂಡನ್ನು ಕಾರ್ ಪಾರ್ಕ್ ಮಾಡಬೇಕೆಂಬ ಮಾತು ಎದ್ದಿತ್ತು. ಈ ಆಟಕ್ಕೆ ಊರಲ್ಲಿ ಜನ ಇದ್ದಾರೋ ಇಲ್ಲವೋ, ಆ ಸಂಜೆ ತಾನೇ ಬಂದು ನೋಡುತ್ತೇನೆ ಅಂದಿದ್ದರು ನಮ್ಮ ಕಡೆಯ ಕೌನ್ಸಿಲರ್. ಹಾಲ್ ಖಾಲಿ ಇದ್ದರೆ ಗ್ರೌಂಡ್ ಹೋದ ಹಾಗೆಯೇ.

ಗುಂಪಿನಲ್ಲಿ ಚರ್ಚೆ ಶುರುವಾಯಿತು. "ನಾವು ಗೆದ್ದಿದ್ದು ಹೇಳೋಕೆ ಹಾಲ್ ಯಾಕೆ, ಬಸ್ ಸ್ಟಾಪ್ ಸಾಕು" ಅಂತ ಒಬ್ಬ ಹಳೆಯ ಅಭಿಮಾನಿ. "ಸೋತಿದ್ದೂ ಇತಿಹಾಸವೇ, ಅದನ್ನೂ ಹೇಳಿದರೆ ಇಡೀ ರಾತ್ರಿ ಬೇಕು" ಅಂತ ಇನ್ನೊಬ್ಬ. ಬೇಸ್‌ಬಾಲ್ ಅಮೆರಿಕದವರದು, ನಮಗೆಲ್ಲಿಯ ಇತಿಹಾಸ ಅಂತ ಮೂರನೆಯವನು. ಮಳೆಗೆ ನಿಂತುಹೋದ ಮ್ಯಾಚ್‌ಗಳನ್ನು ಡ್ರಾ ಅಂತ ಸೇರಿಸಬೇಕೋ ಬೇಡವೋ ಅಂತ ಎರಡು ಪಕ್ಷಗಳೇ ಆದವು. ಯಾರು ಬರುತ್ತಾರೆ ಅನ್ನುವ ಪ್ರಶ್ನೆಗೆ ಮಾತ್ರ ಯಾರೂ ಉತ್ತರ ಕೊಡಲಿಲ್ಲ.

ಅಧ್ಯಕ್ಷರು ಬೇಸರದಿಂದ ಬರೆದರು: "ಇದು ನಮ್ಮ ಕ್ಲಬ್ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ. ಇಲ್ಲೂ ಯಾರೂ ಕ್ಯಾಚ್ ಹಿಡೀಲಿಲ್ಲ."

ನೀವು ಹೋದ್ರೆ ನಾವು

ಅಷ್ಟರಲ್ಲಿ ಕ್ಲಬ್ಬಿನಲ್ಲಿ ಕನ್ನಡದವರ ಮನೆಗಳೇ ಜಾಸ್ತಿ ಆಗಿದ್ದವು. ಎಲ್ಲ ನಮ್ಮವನ ಹಾಗೆ ಕ್ರಿಕೆಟ್ ಹುಡುಕಿ ಬಂದವರೇ. ಅಧ್ಯಕ್ಷರು ನನ್ನನ್ನು ಕರೆದು, "ನಿಮ್ಮೋರೆಲ್ಲ ಮೆಸೇಜ್ ನೋಡಿದಾರೆ. ಬರ್ತೀನಿ ಅಂತಾನೂ ಇಲ್ಲ, ಬರಲ್ಲ ಅಂತಾನೂ ಇಲ್ಲ. ಏನಿದರ ಅರ್ಥ?" ಅಂದರು. ಮುಖ ನೋಡಿ ಪಾಪ ಅನ್ನಿಸಿತು.

ನನಗೂ ಕುತೂಹಲವೇ. ರೈಲಲ್ಲಿ ಸಿಕ್ಕ ಗೆಳತಿಯನ್ನು ಕೇಳಿದೆ. "ನೀನು ಹೋಗ್ತೀಯಾ?" ಅಂದಳು. "ನೀನು ಹೋದ್ರೆ" ಅಂದೆ. "ನಾನೂ ನಿನ್ನ ನೋಡ್ಕೊಂಡು ಹೇಳೋಣ ಅಂತಿದ್ದೆ" ಅಂದಳು. ಮೇನೂತ್‌ನಲ್ಲಿ ಸಂಶೋಧನೆ ಮಾಡುವ ಹುಡುಗಿಗೆ ಫೋನ್ ಮಾಡಿದೆ. ಅವಳು ನನ್ನ ಗೆಳತಿಗಾಗಿ ಕಾಯುತ್ತಿದ್ದಳು.

ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆ ಸೊಪ್ಪು ಬಿಡಿಸುತ್ತಾ ಎಲ್ಲ ಕೇಳಿಸಿಕೊಂಡರು. "ಅವರು ಮನೆಗೆ ಬಂದು ಕರೆದ್ರಾ?"

"ಇಲ್ಲ ಅತ್ತೆ. ಫೋನಲ್ಲಿ ಹಾಕಿದಾರೆ, ಎಲ್ರಿಗೂ ಒಟ್ಟಿಗೆ."

"ಸರಿ ಮತ್ತೆ. ಎಲ್ರಿಗೂ ಒಟ್ಟಿಗೆ ಹೇಳೋದು ನಲ್ಲಿ ನೀರು ಬರಲ್ಲ ಅನ್ನೋ ಸುದ್ದೀನ. ಸಮಾರಂಭಕ್ಕೆ ಹಂಗೆ ಕರೆಯಲ್ಲ."

ಅಧ್ಯಕ್ಷರ ಸವಾರಿ

ಅತ್ತೆಯ ಮಾತನ್ನು ಹೋಗಿ ಹೇಳಿದೆ. ಮಾರನೆಯ ದಿನವೇ ಅಧ್ಯಕ್ಷರು ಕೋಟು ಹಾಕಿಕೊಂಡು ಮನೆ ಮನೆಗೆ ಹೊರಟರು. ಸ್ವಲ್ಪ ಹಣ್ಣು ಹಿಡಿದುಕೊಳ್ಳಿ ಅಂದಿದ್ದೆ, ಬುಟ್ಟಿ ತುಂಬ ಸೇಬು ತಂದಿದ್ದರು. "ತಪ್ಪದೇ ಬರ್ಬೇಕು" ಅನ್ನುವಷ್ಟು ಕನ್ನಡವನ್ನು ಅತ್ತೆಯೇ ಹೇಳಿಕೊಟ್ಟರು.

ಐರಿಷರಿಗೆ ಏನು ಕೊಟ್ಟರೂ ಮೊದಲು ಎರಡು ಸಲ ಬೇಡ ಅನ್ನುತ್ತಾರೆ. ನಮ್ಮವರು ಮೂರನೆಯ ಸಲಕ್ಕೆ ಕೇಳುವುದನ್ನೇ ಬಿಟ್ಟು ತಟ್ಟೆಗೆ ಹಾಕಿಬಿಡುತ್ತಾರೆ. ಹೀಗಾಗಿ ಮೊದಲ ಮನೆಯಲ್ಲಿ ಉಪ್ಪಿಟ್ಟು, ಎರಡನೆಯದರಲ್ಲಿ ಇಡ್ಲಿ, ಮಂಗಳೂರಿನ ಕ್ಯಾಥೊಲಿಕ್ ಮನೆಯಲ್ಲಿ ನೀರುದೋಸೆ, ಕೋಳಿ ಸಾರು. ಒಂದು ಮನೆಯಲ್ಲಿ, "ಎದುರುಮನೆಗೆ ಮೊದಲು ಹೋಗಿ ನಮ್ಮನೆಗೆ ಆಮೇಲೆ ಬಂದ್ರಲ್ಲ" ಅಂತ ಮುಖ ಊದಿಸಿಕೊಂಡರು. ಅವರನ್ನು ಸಮಾಧಾನ ಮಾಡಲು ಎರಡು ಲೋಟ ಪಾಯಸ ಕುಡಿಯಬೇಕಾಯಿತು.

ವಾರದ ಕೊನೆಗೆ ಅಧ್ಯಕ್ಷರ ಹೆಂಡತಿ ನನಗೆ ಫೋನ್ ಮಾಡಿದರು. "ಮನೇಲಿ ಒಂದು ತುತ್ತೂ ತಿನ್ತಿಲ್ಲ. ಗ್ರೌಂಡಿನ ಚಿಂತೆ ಇರಬೇಕು. ನೀವು ಆಸ್ಪತ್ರೆಯವರು, ಸ್ವಲ್ಪ ನೋಡ್ತೀರಾ?"

"ಗಾಬರಿ ಆಗ್ಬೇಡಿ. ಲೂಕನ್ ಕಡೆ ಮನೆಗಳು ಇನ್ನೂ ಬಾಕಿ ಇವೆ" ಅಂದೆ.

ಯಾವ ಕಡೆಯವರು

ಆ ಸಂಜೆ ಹಾಲ್ ತುಂಬಿತು. ಮನೆಗೆ ಬಂದು ಕರೆದಿದ್ದಾರೆ, ಇನ್ನು ಹೋಗದೆ ಇರುವುದು ಹೇಗೆ? ರೇಷ್ಮೆ ಸೀರೆಗಳು, ಊರಿಂದ ಬಂದ ಅಪ್ಪ ಅಮ್ಮಂದಿರು, ಡಬರಿ ಡಬರಿ ಬಿಸಿಬೇಳೆಬಾತು. ಇಷ್ಟು ಜನ ಬರುತ್ತಾರೆಂದು ಗೊತ್ತಾಗಿ ಇತಿಹಾಸದ ಬಗ್ಗೆ ಜಗಳವಾಡಿದ್ದ ಹಳೆಯ ಅಭಿಮಾನಿಗಳೂ ಬಂದುಬಿಟ್ಟಿದ್ದರು.

ವೇದಿಕೆಯ ಮೇಲೆ ಕ್ಲಬ್ ಕಟ್ಟಿದ ಅಜ್ಜ, ಅವರ ಪಕ್ಕದಲ್ಲಿ ಅಜ್ಜಿ. ಎರಡು ಅಲಂಕಾರದ ಕುರ್ಚಿ, ಹಿಂದೆ ಹೂವು. ಅಷ್ಟು ಸಾಕಾಯಿತು. ನಮ್ಮವರು ತಂತಾವೇ ಸಾಲು ಕಟ್ಟಿದರು. ಮೇಲೆ ಹತ್ತುವುದು, ಉಡುಗೊರೆ ಕೊಡುವುದು, ಆ ಕಡೆ ಇಬ್ಬರು ಈ ಕಡೆ ಇಬ್ಬರು ನಿಂತು ಫೋಟೋ ತೆಗೆಸಿಕೊಳ್ಳುವುದು. ಕ್ಯೂ ಕಂಡರೆ ಐರಿಷರು ಸುಮ್ಮನಿರುತ್ತಾರೆಯೇ, ಅವರೂ ಹಿಂದೆ ಬಂದು ನಿಂತರು. ಅಜ್ಜಿಗೆ ಖುಷಿಯೋ ಖುಷಿ. "ನಮ್ಮ ಮದುವೆಗೂ ಇಷ್ಟು ಜನ ಬಂದಿರಲಿಲ್ಲ" ಅಂದರು.

ಸೂಟು ಹಾಕಿಕೊಂಡ ಒಬ್ಬರು ಗೋಡೆಗೆ ಒರಗಿ ಸುಮ್ಮನೆ ಎಲ್ಲ ನೋಡುತ್ತಿದ್ದರು. ಅವರೇ ಕೌನ್ಸಿಲರ್. ಅತ್ತೆಗೆ ಅದೇನು ಗೊತ್ತು? ನೇರವಾಗಿ ಹೋಗಿ, "ನೀವು ಯಾವ ಕಡೆಯವರು? ಗಂಡಿನ ಕಡೆಯೋ, ಹೆಣ್ಣಿನ ಕಡೆಯೋ?" ಅಂದರು. ನಾನು ಓಡಿ ಹೋಗಿ ನಡುವೆ ನಿಂತೆ. ಗಂಡು ಹೆಣ್ಣು ಬಿಟ್ಟು, ಯಾವ ಕಡೆ ಅಂತ ಕೇಳುತ್ತಿದ್ದಾರೆ ಅಂತಷ್ಟೇ ಇಂಗ್ಲಿಷಿನಲ್ಲಿ ಹೇಳಿದೆ.

ಅವರು ರಾಜಕಾರಣಿ. ತುಂಬಿದ ಹಾಲನ್ನು ಒಮ್ಮೆ ನೋಡಿ, "ನಾನು ಆತಿಥೇಯರ ಕಡೆ" ಅಂದರು. ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ.

"ಆತಿಥೇಯರು ಅಂದ್ರೆ ಹೆಣ್ಣಿನ ಕಡೆ" ಅಂದರು ಅತ್ತೆ. "ಹೆಣ್ಣಿನ ಕಡೆಯೋರು ಹಿಂಗೆ ಗೋಡೆಗೆ ಒರಗಿ ನಿಂತ್ರೆ ಬಡಿಸೋರು ಯಾರು?" ಕೈಗೆ ಸೌಟು ಕೊಟ್ಟೇಬಿಟ್ಟರು.

ಆ ಮನುಷ್ಯ ಸೂಟಿನ ತೋಳು ಮಡಚಿ ಪಂಕ್ತಿಯ ಮೇಲೆ ಪಂಕ್ತಿ ಬಿಸಿಬೇಳೆಬಾತು ಬಡಿಸಿದರು. ಅತ್ತೆ ಹಿಂದೆಯೇ ನಡೆಯುತ್ತಾ, "ಆ ಎಲೆಗೆ ಇನ್ನೊಂದು ಸೌಟು" ಅನ್ನುತ್ತಿದ್ದರು. ತಡೆಯಲು ನನಗೂ ಧೈರ್ಯವಿಲ್ಲ, ಅಧ್ಯಕ್ಷರಿಗೂ ಇಲ್ಲ.

ಕೊನೆಯ ಪಂಕ್ತಿ ಎದ್ದ ಮೇಲೆ ಕೌನ್ಸಿಲರ್ ಬೆವರು ಒರೆಸಿಕೊಂಡು ಕುರ್ಚಿಗೆ ಕುಸಿದರು. ಅಧ್ಯಕ್ಷರು ಹತ್ತಿರ ಹೋಗಿ ಮೆಲ್ಲಗೆ, "ಜನ ಸಾಕಾ?" ಅಂದರು.

"ಜನ ಎಷ್ಟು ಅಂತ ನನ್ನ ರಟ್ಟೇನ ಕೇಳಿ" ಅಂದರು ಅವರು. ಆಮೇಲೆ ಸೌಟು ತಮ್ಮ ಕೈಗೇ ಯಾಕೆ ಬಂತು ಅಂತ ವಿಚಾರಿಸಿ, ನನ್ನಿಂದ ಹೆಣ್ಣಿನ ಕಡೆ, ಗಂಡಿನ ಕಡೆ ಅಂದರೇನು, ಯಾರು ಬಡಿಸುತ್ತಾರೆ, ಯಾರು ಕೂತು ತಿನ್ನುತ್ತಾರೆ ಅಂತ ವಿವರವಾಗಿ ಕೇಳಿ ತಿಳಿದುಕೊಂಡು ಎದ್ದರು.

"ಗ್ರೌಂಡ್ ನಿಮ್ಮದೇ. ಆದರೆ ಮುಂದಿನ ವರ್ಷ ನಾನು ಗಂಡಿನ ಕಡೆ."