ಎರಡು ನೆಲ ಕೂಡುವ ಜಾಗ

ಒಂದು ಕೋಣೆಯ ನೆಲಕ್ಕೂ ಪಕ್ಕದ ಕೋಣೆಯ ನೆಲಕ್ಕೂ ಎರಡು ಬೆರಳು ಹೆಚ್ಚುಕಮ್ಮಿಯಾದರೆ ಸಾಕು, ಆ ಮನೆಯಲ್ಲಿ ಏನಾದರೊಂದು ಆಗಿಯೇ ಆಗುತ್ತದೆ. ಹಳೇ ನೆಲದ ಮೇಲೆ ಟೈಲ್ಸ್ ಹಾಕುವುದು, ಹಾಕಿದಾಗ ಎದ್ದು ನಿಲ್ಲುವ ಎತ್ತರವನ್ನು ಸರಿಮಾಡುವುದು ಹೊಸಪೇಟೆಯಲ್ಲಿ ನನ್ನ ಕಸುಬು. ಇಷ್ಟು ವರ್ಷವಾಯಿತು, ಆ ಎರಡು ಬೆರಳಿನ ಮಹಿಮೆಗೆ ನಾನಿನ್ನೂ ಬಾಯಿ ಬಿಟ್ಟುಕೊಂಡೇ ನಿಲ್ಲುತ್ತೇನೆ.

ಹೊಸ್ತಿಲು ಕದ್ದವರು

ಕಂಪ್ಲಿಯಲ್ಲಿ ರೈಸ್ ಮಿಲ್ ಸಾಹುಕಾರರ ಮನೆ. ಅಡುಗೆಮನೆಯ ನೆಲ ಪಡಸಾಲೆಗಿಂತ ಮೂರು ಬೆರಳು ಎತ್ತರ. ಅಳತೆ ನೋಡಲು ಹೋದವನು ನಾನೇ ಎಡವಿದೆ. ನನ್ನನ್ನು ಹಿಡಿಯಲು ಬಂದ ಸಾಹುಕಾರರೂ ಎಡವಿ, ಇಬ್ಬರೂ ನೆಲಕ್ಕೆ ಕೂತೆವು. ಅಷ್ಟರಲ್ಲಿ ಅವರ ತಾಯಿ ಒಳಗಿನಿಂದ ಬಂದರು. ಅಜ್ಜಿಗೆ ಎರಡೂ ಕಣ್ಣು ಕಾಣುವುದಿಲ್ಲ. ಕೈಯಲ್ಲಿ ಹೊಗೆಯಾಡುವ ಸಾರಿನ ಪಾತ್ರೆ. ಅದೇ ಜಾಗದಲ್ಲಿ ಸರಾಗವಾಗಿ ಇಳಿದು, "ಯಾರದು ನಡುದಾರ್ಯಾಗ ಕುಂತೋರು?" ಎನ್ನುತ್ತ ನಮ್ಮಿಬ್ಬರನ್ನೂ ಬಳಸಿಕೊಂಡು ಹೋದರು. ಒಂದು ಹನಿ ಚೆಲ್ಲಲಿಲ್ಲ. ನನಗೆ ಕೈ ಮುಗಿಯಬೇಕು ಅನ್ನಿಸಿತು.

ಆದರೂ ಸಾಹುಕಾರರದು ಒಂದೇ ಹಟ. "ಅವ್ವ ಬೀಳಬಾರದು, ಮಟ್ಟ ಮಾಡಿಬಿಡ್ರಿ." ಪಡಸಾಲೆಯನ್ನು ಎತ್ತರಿಸಿ ಎರಡೂ ನೆಲ ಸಮ ಮಾಡಿದೆ. ಮೊದಲ ಸಲ ಅಜ್ಜಿ ಹೊರಬಂದರು, ಇಳಿಯಲೆಂದು ಕಾಲು ಚಾಚಿದರು, ಇಳಿಯಲು ಜಾಗವೇ ಇಲ್ಲ. ಮುಗ್ಗರಿಸಿದವರನ್ನು ಸೊಸೆ ಹಿಡಿದುಕೊಂಡರು.

"ಯಾರಲೇ ನನ್ನ ಹೊಸ್ತಲ ಕದ್ದವ್ರು?"

"ನಾನೇರಿ ಅಮ್ಮ. ನೀವು ಎಡವಬಾರದು ಅಂತ..."

"ಇದ್ದಾಗ ಒಂದಿನಾನೂ ಎಡವಿಲ್ಲ. ಇಲ್ಲದ್ದಕ್ಕ ಎಡವೋದು ನೀ ಬಂದು ಕಲಿಸಿದಿ ನೋಡಪ್ಪ!"

ನಾಚಿಕೊಂಡು, ಕಾಲಿಗೆ ಗೊತ್ತಾಗಲೆಂದು ಆ ಜಾಗದಲ್ಲಿ ಒರಟು ಕಲ್ಲಿನ ಪಟ್ಟಿ ಕೂಡಿಸಿಕೊಟ್ಟೆ. ಅಜ್ಜಿ ಅಂಗಾಲಿನಿಂದ ಅದನ್ನು ಸವರಿ ನೋಡಿದರು.

"ಇದು ಹೊಸ್ತಲ ಅಲ್ಲ. ಆದ್ರ ಹೊಸ್ತಲದ ಬೀಗರು ಅಂತ ಗೊತ್ತಾಗ್ತೈತಿ. ಇರ್ಲಿ."

ಸ್ನಾನ ಆಗೈತೇನು?

ಸಂಡೂರಿನ ಹತ್ತಿರ, ಯಶವಂತನಗರದಲ್ಲಿ ಗಣಿಯ ಡಂಪರ್ ಡ್ರೈವರ್ ಒಬ್ಬರು ನೆಲ ಒರೆಸುವ ಯಂತ್ರ ತಂದಿದ್ದರು. ತಟ್ಟೆಯಷ್ಟಗಲದ್ದು, ತಾನೇ ಓಡಾಡಿ ಕಸ ಗುಡಿಸಿ ಒರೆಸುತ್ತದೆ. ಪಡಸಾಲೆಯನ್ನೆಲ್ಲ ಸುತ್ತಿ, ಒಳಕೋಣೆಯ ಅಂಚಿಗೆ ಬಂದು ಢಿಕ್ಕಿ ಹೊಡೆದು ವಾಪಸ್. ಅಲ್ಲಿ ಒಂದೂವರೆ ಬೆರಳು ಎತ್ತರ.

"ಇವರು ಗುಡ್ಡ ಹತ್ತಿಸ್ತಾರ, ಇವರ ಗಾಡಿ ಹೊಸ್ತಲ ಹತ್ತಂಗಿಲ್ಲ" ಎಂದು ಹೆಂಡತಿಯ ಚುಚ್ಚುಮಾತು ಬೇರೆ.

ಗ್ರಾನೈಟ್ ಪಟ್ಟಿಯನ್ನು ಇಳಿಜಾರಾಗಿ ತಿಕ್ಕಿ ಕೂಡಿಸಿದೆ. ಯಂತ್ರ ಬಂತು, ನಿಂತಿತು, ಯೋಚಿಸಿದಂತೆ ಮಾಡಿತು. ಡ್ರೈವರ್ ನೆಲಕ್ಕೆ ಕವುಚಿ ಮಲಗಿ, "ರೈಟ್, ರೈಟ್, ಬರ್ಲಿ, ಬರ್ಲಿ" ಎಂದು ಕೈ ಮಾಡಿದರು. ಅದು ಗುಂಯ್ ಎಂದು ಹತ್ತಿಯೇ ಬಿಟ್ಟಿತು! ಮನೆಮಂದಿಯೆಲ್ಲ ಚಪ್ಪಾಳೆ. ನಾನೂ ಹೊಡೆದೆ, ಮಗು ಮೊದಲ ಹೆಜ್ಜೆ ಇಟ್ಟಂತಿತ್ತು. ಹತ್ತಿದ ಖುಷಿಯಲ್ಲಿ ಅದು ನೇರ ದೇವರ ಕೋಣೆಗೆ ನುಗ್ಗಿತು.

"ತಡೀರಿ!" ಹೆಂಡತಿ ಚೀರಿದರು. "ಸ್ನಾನ ಆಗೈತೇನು ಅದಕ್ಕ?"

"ಅದರ ಹೊಟ್ಟಿ ತುಂಬ ನೀರೈತೆ ಮಾರಾಯ್ತಿ!"

"ಹೊಟ್ಟ್ಯಾಗಿದ್ರ ಏನಾತು? ತಲಿಮ್ಯಾಲ ಹಾಕ್ಕೊಂಡೈತೇನು?"

ಬಂಡೆ ಮತ್ತು ಬೋರ್ಡು

ಹಂಪಿ ಕಡೆ ಮನೆ ಕಟ್ಟಿದವರಿಗೆ ನೆಲ ಹೇಗಿರಬೇಕೆಂದು ಹೇಳುವುದು ಬಂಡೆಯೇ. ಪ್ರವಾಸಿಗರಿಗೆ ಕೋಣೆ ಬಾಡಿಗೆ ಕೊಡುವ ಒಬ್ಬರ ಮನೆಯಲ್ಲಿ ಎರಡು ಕೋಣೆಗಳ ನಡುವೆ ಬಂಡೆ ಗೇಣುದ್ದ ಎದ್ದು ನಿಂತಿತ್ತು. ಚಾಣಗಳು ಮೊಂಡಾದವು, ಅದು ಮಾತ್ರ ಜಗ್ಗಲಿಲ್ಲ. ಉರಿಬಿಸಿಲಿನಲ್ಲೂ ತಣ್ಣಗಿದ್ದ ಅದರ ಮೇಲೆ ಕೂತು ಸುಧಾರಿಸಿಕೊಂಡು ಸೋಲೊಪ್ಪಿದೆ. ಯಜಮಾನರು "ನೋಡಿ ನಡೆಯಿರಿ" ಎಂದು ಗೋಡೆಯ ಮೇಲೆ ಬೋರ್ಡು ಹಾಕಿಸಿದರು. ಬಂದವರೆಲ್ಲ ತಲೆಯೆತ್ತಿ ಬೋರ್ಡು ಓದುತ್ತ ಬಂಡೆಗೆ ಎಡವಿದರು. ಬೋರ್ಡನ್ನು ಕೆಳಗಿಳಿಸಿ ಬಂಡೆಯ ಪಕ್ಕಕ್ಕೇ ನಿಲ್ಲಿಸಿದರು.

ಈಗ ಬೋರ್ಡಿಗೆ ಎಡವುತ್ತಾರೆ.

ಒಪ್ಪಿಗೆ

ಮರಿಯಮ್ಮನಹಳ್ಳಿಯ ಮನೆ. ಮಗಳು ಹೈಸ್ಕೂಲಿನಲ್ಲಿ ಆಟದ ಟೀಚರು. ಸಂಜೆ ಗಂಡಿನ ಕಡೆಯವರು ನೋಡಲು ಬರುವವರಿದ್ದರು. ಅಡುಗೆಮನೆಯಿಂದ ಪಡಸಾಲೆಗೆ ಇಳಿಯುವಲ್ಲಿ ಹುಡುಗಿ ಚಹಾದ ತಟ್ಟೆ ಹಿಡಿದು ಎಡವಿದರೆ ಸಂಬಂಧವೇ ಕೆಡುತ್ತದೆಂದು ಅಪ್ಪನಿಗೆ ಹೆದರಿಕೆ. "ಜಲ್ದಿ ಒಂದು ಇಳಿಜಾರು ಮಾಡಿಕೊಡ್ರಿ" ಎಂದರು. ಬೆಳಿಗ್ಗೆಯೇ ಹೋಗಿ ಒಂದು ಮಾರು ಉದ್ದಕ್ಕೆ ಸಿಮೆಂಟು ಹಾಕಿ ನೀಟಾಗಿ ತೀಡಿ ಮುಗಿಸಿದೆ. ಕರಣೆ ತೊಳೆಯುತ್ತಿದ್ದೆ, ಗಂಡಿನ ಕಡೆಯವರು ಬಂದೇ ಬಿಟ್ಟರು!

"ಮಧ್ಯಾಹ್ನಕ್ಕ ಬೇರೆ ಕೆಲಸ ಬಂತ್ರಿ, ಅದಕ್ಕ ಮುಂಚೇನ ಬಂದ್ವಿ" ಎಂದು ಹುಡುಗನ ಅಪ್ಪ ಕುರ್ಚಿಯಲ್ಲಿ ಕೂತರು.

ಹುಡುಗಿ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ಮುಂದೆ ಹಸಿ ಸಿಮೆಂಟು. ಅಪ್ಪ ಹಿತ್ತಲಿನಿಂದ ಸುತ್ತಿ ಬಾ ಎಂದು ಕಣ್ಸನ್ನೆ ಮಾಡುತ್ತಲೇ ಇದ್ದರು. ಅವಳು ಸಿಮೆಂಟನ್ನು ನೋಡಿದಳು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿದಳು, ಒಂದೇ ಜಿಗಿತಕ್ಕೆ ಈಚೆ ಬಂದು ನಿಂತಳು. ಕಪ್ಪುಗಳು ಒಮ್ಮೆ ಕಿಣಿಕಿಣಿ ಎಂದವು, ಅಷ್ಟೇ. ನನ್ನ ಕೈಯಲ್ಲಿದ್ದ ಕರಣೆ ಬಕೀಟಿಗೆ ಬಿತ್ತು.

ಹುಡುಗನಿಗೆ ಚಹಾ ಬೇಕಿರಲಿಲ್ಲ. "ಹೆಂಗ ಹಾರಿದ್ರಿ?" ಎಂದ.

"ಹಿಂಗ ಹಾರೋದ್ರಿ. ನೀವು ಹಾರಂಗಿಲ್ಲೇನು?"

ಅವನು ಎದ್ದವನೇ, ತಡೆಯುವಷ್ಟರಲ್ಲಿ, ಹಾರಿದ. ಇಳಿಜಾರಿನ ನಟ್ಟನಡುವೆ ಇಳಿದ. ಎರಡೂ ಪಾದ ಸಿಮೆಂಟಿನೊಳಗೆ ಹೂತವು. ಹುಡುಗಿಯ ಅಪ್ಪ ತಲೆ ಹಿಡಿದುಕೊಂಡರು, ಸಂಬಂಧ ಮುರಿಯಿತೆಂದೇ ತಿಳಿದರು. ಹುಡುಗನ ಅಪ್ಪ ಮಾತ್ರ ಕೂತಲ್ಲಿಂದಲೇ, "ಲೇ, ಇನ್ನಾ ಒಪ್ಪಿಗಿ ಕೇಳಿಲ್ಲ, ಆಗಲೇ ಮನಿ ಅಳಿಯ ಆಗಿ ನೆಲಕ್ಕ ಕಚ್ಚಿಕೊಂಡಿ?" ಎಂದರು. ಮನೆಯೆಲ್ಲ ನಕ್ಕಿತು. ಹುಡುಗ ನಕ್ಕ, ಅವಳೂ ನಕ್ಕಳು.

ಅವನ ಕಾಲು ತೊಳೆಸಿ ಕೂಡಿಸಿದ ಮೇಲೆ, ಗುರುತು ಮುಚ್ಚೋಣವೆಂದು ಕರಣೆ ಹಿಡಿದು ಕೂತೆ. ಹುಡುಗಿ ಮೆಲ್ಲಗೆ ಬಂದು ಬಗ್ಗಿದಳು.

"ಬ್ಯಾಡ್ರಿ ಮೇಸ್ತ್ರಿ, ಹಂಗ ಇರ್ಲಿ. ಲಗ್ನ ಆದಮ್ಯಾಲ ಇವರು ಭಾಳ ಹಾರಾಡಿದ್ರ, ಕರ್ಕೊಂಡು ಬಂದು ತೋರಿಸ್ತೀನಿ."