ಸ್ನೇಹಕ್ಕೆ ಐದು ಕ್ರೆಡಿಟ್

ವಿದೇಶದಲ್ಲಿ ಓದಿ ಬಂದವರನ್ನು ಯಾರನ್ನೇ ಕೇಳಿ, ಪಾಠದ ಸುದ್ದಿ ಎತ್ತುವುದಿಲ್ಲ. ಅಲ್ಲಿ ಸಿಕ್ಕ ಜೀವದ ಗೆಳೆಯರ ಸುದ್ದಿ ಹೇಳಿ ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ನಾನೂ ಹೋಗಿ ಬಂದವನೇ. ನಲವತ್ತಾರನೇ ವಯಸ್ಸಿನಲ್ಲಿ, ಸೋಮವಾರಪೇಟೆ ಕಡೆಯ ನಮ್ಮ ಕಾಫಿ ತೋಟ ಬಿಟ್ಟು, ಯುರೋಪಿನ ಒಂದು ಚಳಿ ಊರಿಗೆ, ಕೃಷಿಯಲ್ಲಿ ಇಂಟರ್‌ನ್ಯಾಷನಲ್ ಮಾಸ್ಟರ್ಸ್ ಮಾಡಲು. ತೋಟ ಮಾಡುವವರಿಗೆಂದೇ ಒಂದು ಸ್ಕಾಲರ್‌ಶಿಪ್ ಇತ್ತು. "ಹೋಗ್ಬನ್ನಿ, ನೀವಿಲ್ದಿದ್ರೆ ಕಾಫಿ ಪಿಕಿಂಗ್ ಬೇಗ ಮುಗಿಯುತ್ತೆ" ಎಂದು ಹೆಂಡತಿ ಹರಸಿ ಕಳಿಸಿದಳು. ಕೆಳಗೆ ಬರೆದದ್ದರಲ್ಲಿ ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲು ಯಾವುದು ಅಂತ ಈಗ ನನಗೂ ಮರೆತಿದೆ.

೧. ಮೂರು ಗಂಟೆಯ ಕುಟುಂಬ

ಮೊದಲ ದಿನ ಹದಿನೆಂಟು ದೇಶಗಳ ಮೂವತ್ತು ಜನರನ್ನು ದುಂಡಗೆ ನಿಲ್ಲಿಸಿ, ನಿಮ್ಮ ಬದುಕಿನ ಅತಿ ದೊಡ್ಡ ಭಯ ಹೇಳಿ ಅಂದರು. ಹೆಸರೂ ಗೊತ್ತಿಲ್ಲದವರ ಮುಂದೆ ಒಬ್ಬೊಬ್ಬರೂ ಅಪ್ಪ ಅಮ್ಮನ ಜಗಳ, ಮುರಿದ ಪ್ರೇಮ ಎಲ್ಲವನ್ನೂ ಹೊರಗೆ ಹಾಕಿದರು. ನಾನು ಜಿಗಣೆ ಅಂದೆ. ಅದಕ್ಕೂ ಒಬ್ಬ ಉದ್ದನೆಯ ಹುಡುಗ ಅತ್ತ. ನನ್ನ ಹೆಗಲ ಮೇಲೆ ತಲೆ ಇಟ್ಟು, ಇವತ್ತಿನಿಂದ ನೀನು ನನ್ನ ಅಣ್ಣ ಅಂದ. ಊಟದ ಹೊತ್ತಿಗೆ 'ಫ್ಯಾಮಿಲಿ' ಅಂತ ವಾಟ್ಸಾಪ್ ಗುಂಪೂ ಆಯಿತು.

ಮಾರನೇ ದಿನ ಅಂಗಡಿಯಲ್ಲಿ ಈ ತಮ್ಮ ಎದುರಾದ. ನಾನು ಬಾಯಿ ತುಂಬ ನಕ್ಕೆ. ಅವನೂ ನಕ್ಕು, ಹಾಲಿನ ಪ್ಯಾಕೆಟ್ ಯಾವ ಸಾಲಿನಲ್ಲಿ ಇಟ್ಟಿದ್ದೀರಿ ಅಂತ ಕೇಳಿದ.

೨. ಸುಮ್ಮನೆ ಬಂದೆ

ನಮ್ಮ ಕಡೆ ದಾರಿಯಲ್ಲಿ ಹೋಗುವಾಗ ಪರಿಚಯದವರ ಮನೆ ಕಂಡರೆ ಒಳಗೆ ಹೋಗದೆ ಮುಂದೆ ಹೋಗುವ ಹಾಗಿಲ್ಲ. ಹೋದರೆ ಜಗಳ ಇಲ್ಲ, ಹೋಗದಿದ್ದರೆ ಮೂರು ವರ್ಷ ಜಗಳ. ಅದೇ ಅಭ್ಯಾಸದಲ್ಲಿ ಒಂದು ಸಂಜೆ, ನಮ್ಮ ಕ್ಲಾಸಿನ ಜರ್ಮನ್ ಹುಡುಗಿಯ ಬಾಗಿಲು ತಟ್ಟಿದೆ. ನಾಲ್ಕು ಬೆರಳಗಲ ತೆಗೆದು, ಏನಾಯಿತು ಎಂದು ಗಾಬರಿಯಲ್ಲಿ ಕೇಳಿದಳು. ಏನೂ ಇಲ್ಲ, ಸುಮ್ಮನೆ ಬಂದೆ ಅಂದೆ. ಏನೂ ಆಗದೆ ಒಬ್ಬ ಮನುಷ್ಯ ಇನ್ನೊಬ್ಬರ ಮನೆಗೆ ಯಾಕೆ ಬರುತ್ತಾನೆ ಎಂಬುದು ಎಷ್ಟು ವಿವರಿಸಿದರೂ ಅವಳ ತಲೆಗೆ ಹೋಗಲಿಲ್ಲ. ಕೊನೆಗೆ ಕ್ಯಾಲೆಂಡರ್ ನೋಡಿ, ಎರಡು ವಾರ ಬಿಟ್ಟು ಗುರುವಾರ ಮೂರರಿಂದ ಮೂರು ನಲವತ್ತು ಬಾ ಅಂದಳು.

ಹೋದೆ. ಮೂರು ನಲವತ್ತಕ್ಕೆ ಅವಳ ಫೋನಿನ ಅಲಾರಂ ಹೊಡೆದುಕೊಂಡಿತು. ತುಂಬ ಆತ್ಮೀಯವಾಗಿ ಮಾತಾಡಿದೆವು ಎಂದು ಕೈಕುಲುಕಿ ಹೊರಗೆ ಬಿಟ್ಟಳು. ನಾನಿನ್ನೂ ಕ್ಷೇಮ ಸಮಾಚಾರದಲ್ಲೇ ಇದ್ದೆ, ಅವಳ ಅಜ್ಜಿಯ ಮಂಡಿನೋವಿನ ತನಕ ಬಂದಿದ್ದೆ ಅಷ್ಟೆ.

೩. ಕಾಡಿನ ಪರಿಮಳ

ಕ್ಲಾಸಿನಲ್ಲಿ ಒಂದು ಕಾಫಿ ಕ್ಲಬ್ ಇತ್ತು. ಕಾಫಿ ಗಿಡವನ್ನು ಫೋಟೋದಲ್ಲಿ ಮಾತ್ರ ಕಂಡವರು ಸೊರ್ ಎಂದು ಹೀರಿ, ಕಣ್ಣು ಮುಚ್ಚಿ, ಇದರಲ್ಲಿ ನಿಂಬೆ ಹೂ ಇದೆ, ಅದರಲ್ಲಿ ಜೇನಿದೆ ಅನ್ನುತ್ತಿದ್ದರು. ಊರಿನಿಂದ ತಂದ ಪುಡಿಯಲ್ಲಿ ಕಾಫಿ ಮಾಡಿಕೊಟ್ಟೆ. ಅರ್ಧಕ್ಕೆ ಅರ್ಧ ಚಿಕೋರಿ. ನಮ್ಮ ಅಜ್ಜ ನೆಟ್ಟ, ಆನೆ ಮಾತ್ರ ಓಡಾಡುವ ಜಾಗದ ಗಿಡ ಅಂದೆ. ಎಲ್ಲರೂ ಕಣ್ಣು ಮುಚ್ಚಿ ಹೀರಿದರು. ಒಬ್ಬಳಿಗೆ ಕಾಡಿನ ಪರಿಮಳ ಬಂತು. ಇನ್ನೊಬ್ಬನಿಗೆ ಮಳೆ ಬಂದು ನಿಂತ ಮಣ್ಣು. ಅಣ್ಣ ಅಂದಿದ್ದ ಹುಡುಗನಿಗೆ ಆನೆಯೇ ಬಂತು.

ಕೊಲಂಬಿಯಾದ ಒಬ್ಬ ಮಾತ್ರ ಕಣ್ಣು ತೆರೆದೇ ಲೋಟ ಖಾಲಿ ಮಾಡಿದ. ನನ್ನ ವಯಸ್ಸಿನವನೇ, ಅವನದ್ದೂ ಕಾಫಿ ತೋಟ. ಎಲ್ಲರೂ ಹೋದ ಮೇಲೆ ಹತ್ತಿರ ಬಂದು, "ಇದರಲ್ಲಿ ಯಾವುದೋ ಬೇರು ಸುಟ್ಟು ಹಾಕಿದ್ದೀಯ. ಹೇಳಲ್ಲ, ಇನ್ನೊಂದು ಲೋಟ ಕೊಡು" ಅಂದ.

೪. ಇರುವೆ

ಅಲ್ಲಿಂದ ನಾವಿಬ್ಬರೂ ಒಟ್ಟಿಗೇ ತಿರುಗಿದೆವು. ಒಂದು ದಿನ ಅವನು ತನ್ನ ಊರಿನ ತಿಂಡಿ ಅಂತ ಹುರಿದ ಕಪ್ಪು ಕಾಳಿನಂಥದ್ದು ಕೊಟ್ಟ. ಉಪ್ಪುಪ್ಪಾಗಿ ಚೆನ್ನಾಗಿತ್ತು. ಎರಡು ಹಿಡಿ ಮುಕ್ಕಿದ ಮೇಲೆ, ಇದು ದೊಡ್ಡ ಇರುವೆ, ರೆಕ್ಕೆ ಕಿತ್ತು ಹುರಿಯುತ್ತೇವೆ ಅಂದ. ನಮ್ಮದು ಶಿವಪೂಜೆಯ ಮನೆ, ಮೊಟ್ಟೆ ಕೂಡ ಒಳಗೆ ಬಂದಿಲ್ಲ. ಬಚ್ಚಲಿಗೆ ಓಡಿ ಬಾಯಲ್ಲಿ ಬೆರಳು ಹಾಕಿ, ಶಿವ ಶಿವ ಅಂದುಕೊಂಡು ಎಲ್ಲ ಕಕ್ಕಿ, ತಣ್ಣೀರಲ್ಲಿ ತಲೆಸ್ನಾನ ಮಾಡಿ, ವಿಭೂತಿ ಹಚ್ಚಿ ಹೊರಗೆ ಬಂದೆ.

ಅವನು ಅದನ್ನೇ ಮೆಲ್ಲುತ್ತಾ ಕೂತಿದ್ದ. ಕಪ್ಪಗೆ ಹುರಿದ ಕಡಲೆ ಅದು. ನೀನು ಇಷ್ಟು ಬೇಗ ನಂಬುತ್ತೀಯ ಅಂತ ಗೊತ್ತಿದ್ದರೆ ಹಲ್ಲಿ ಅನ್ನುತ್ತಿದ್ದೆ ಅಂದ.

೫. ಪರೀಕ್ಷೆ

ಕೊನೆಯ ಟರ್ಮಿನಲ್ಲಿ ಬಂತು ನೋಡಿ, ಸ್ನೇಹಕ್ಕೇ ಒಂದು ವಿಷಯ. ಅಂತರ್‌ಸಾಂಸ್ಕೃತಿಕ ಬಾಂಧವ್ಯ ಅಂತ ಹೆಸರು, ಐದು ಕ್ರೆಡಿಟ್. ಬೇರೆ ದೇಶದ ಒಬ್ಬ ಗೆಳೆಯನನ್ನು ಆರಿಸಿಕೊಂಡು, ಇಬ್ಬರೂ ಸೇರಿ ದಾಟಿದ ಒಂದು ಕಷ್ಟದ ಬಗ್ಗೆ ಇಬ್ಬರೂ ಎರಡೆರಡು ಪುಟ ಬರೆದು ಎಲ್ಲರೆದುರು ಓದಬೇಕು. ಇದರಲ್ಲಿ ಫೇಲಾದರೆ ಡಿಗ್ರಿಯೇ ಇಲ್ಲ. ಡಿಗ್ರಿ ಬಂತು ಅಂತ ನಾನಾಗಲೇ ಫೋನಿನಲ್ಲಿ ಅರ್ಧ ಸೋಮವಾರಪೇಟೆಗೆ ಹೇಳಿ ಆಗಿತ್ತು. ನಮ್ಮ ಬೆಳೆಗಾರರ ಸಂಘದವರು ಸನ್ಮಾನದ ಶಾಲು ತಂದಿಟ್ಟಿದ್ದರು.

ಕೊಲಂಬಿಯಾದವನೂ ನಾನೂ ಜೋಡಿ. ಆದರೆ ನಮಗೆ ಕಷ್ಟ ಎಲ್ಲಿ ಬಂದಿತ್ತು? ಕಷ್ಟವೆಲ್ಲ ಬೇರೆಯವರಿಗೆ ನಮ್ಮಿಂದ. ಹಿಂದಿನ ದಿನ ಕೂತು ಒಂದು ಕತೆ ಕಟ್ಟಿದೆವು: ಹೆಪ್ಪುಗಟ್ಟಿದ ಕಾಲುವೆಯ ಮೇಲೆ ನಡೆಯುವಾಗ ಮಂಜುಗಡ್ಡೆ ಒಡೆದು ಒಬ್ಬ ಬಿದ್ದ, ಇನ್ನೊಬ್ಬ ಪ್ರಾಣದ ಹಂಗು ತೊರೆದು ಎಳೆದ. ಬಿದ್ದವನು ಯಾರು ಅಂತ ತೀರ್ಮಾನ ಮಾಡುವುದು ಮಾತ್ರ ಮರೆತೆವು.

ಜರ್ಮನ್ ಹುಡುಗಿ ಮೊದಲು ಓದಿದಳು. ಗೆಳತಿಯನ್ನು ಹನ್ನೊಂದು ಸಲ ಭೇಟಿಯಾದೆ, ಕಷ್ಟ ಯಾವುದೂ ಬರಲಿಲ್ಲ ಅಂತ ಇದ್ದದ್ದನ್ನೇ ಬರೆದಿದ್ದಳು. ಭಾವನೆ ಸಾಲದು ಎಂದರೂ ಪ್ರೊಫೆಸರ್ ಹೇಗೋ ಪಾಸ್ ಮಾಡಿದರು. ಆಮೇಲೆ ನಾನು. ನೀರಲ್ಲಿ ಮುಳುಗುತ್ತಿದ್ದ ನನ್ನನ್ನು ಈ ಮಹಾನುಭಾವ ಎಳೆದ ಅಂತ ಓದಿ ಕೂತೆ. ಆಮೇಲೆ ಅವನು ಎದ್ದ. ಮುಳುಗುತ್ತಿದ್ದ ತನ್ನನ್ನು ಈ ಇಂಡಿಯಾದವನು ಎಳೆದ ಅಂತ ಗದ್ಗದಿತನಾಗಿ ಓದಿದ. ನನ್ನ ಕಣ್ಣೆದುರು ಸನ್ಮಾನದ ಶಾಲು ಹಾರಿಹೋಯಿತು.

ಪ್ರೊಫೆಸರ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನೋಡಿ, ಮಾಡಿದ ಉಪಕಾರವನ್ನು ಇಬ್ಬರೂ ಮುಚ್ಚಿಟ್ಟು ಇನ್ನೊಬ್ಬನ ಹೆಸರು ಹೇಳುತ್ತಿದ್ದಾರೆ, ಇದಲ್ಲವೇ ಸ್ನೇಹ ಅಂದರು. ಕ್ಲಾಸೆಲ್ಲ ಮೂಗು ಎಳೆದುಕೊಂಡಿತು. ಜರ್ಮನ್ ಹುಡುಗಿ ಮಾತ್ರ ಕೈ ಎತ್ತಿದಳು.

"ಹಾಗಾದರೆ ನೀರಲ್ಲಿ ಇದ್ದದ್ದು ಯಾರು?"

ನಾನು ಕಾಗದದಲ್ಲಿ ಮುಖ ಮುಚ್ಚಿಕೊಂಡೆ. ಕೊಲಂಬಿಯಾದವನು ರೆಪ್ಪೆ ಕೂಡ ಬಡಿಯಲಿಲ್ಲ.

"ನೀರು ಅಷ್ಟು ತಣ್ಣಗಿತ್ತು, ಯಾರು ಒಳಗಿದ್ದರು, ಯಾರು ಹೊರಗಿದ್ದರು ಅಂತ ನಮಗಿಬ್ಬರಿಗೂ ತಿಳಿಯಲಿಲ್ಲ."

ಇಬ್ಬರಿಗೂ ಪೂರ್ತಿ ಮಾರ್ಕು. ಸುಳ್ಳಿಗೂ ಜೊತೆ ನಿಂತ ಅವನು. ನಮ್ಮ ಕಡೆ ಜಾಗದ ತಕರಾರಿಗೆ ಸಾಕ್ಷಿ ಹೇಳು ಅಂದರೆ ಸ್ವಂತ ಭಾವಮೈದ ಜ್ವರ ಅಂತ ಕಂಬಳಿ ಹೊದ್ದು ಮಲಗುತ್ತಾನೆ, ಅದೂ ನಿಜದ ಸಾಕ್ಷಿಗೆ.